ಮೆಚ್ಚಿನ ದೃಶ್ಯದ ಜತೆ ಅದರ ಹಿಂದಿನದನ್ನೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಓದುಗರು ತಮ್ಮ ಮೆಚ್ಚಿನ ಸಿನಿಮಾ ದೃಶ್ಯಗಳ ಬಗ್ಗೆ ನಿಮ್ಮ ಪುಟಕ್ಕೆ ಬರೆಯುತ್ತಿರುವುದನ್ನು ಸಂತೋಷದಿಂದ ಓದುತ್ತಿದ್ದೇವೆ. ಬಹುತೇಕ ಬರಹಗಳು ಒಂದೇ ದಾರಿ ಹಿಡಿಯುತ್ತವೆ: ನಟನ ಹೆಸರು, ಒಂದು ಸಾಲು ಸಂಭಾಷಣೆ, ಕಡೆಗೆ ‘ಇವತ್ತಿಗೂ ಕಣ್ಣು ಒದ್ದೆಯಾಗುತ್ತದೆ’ ಎಂಬ ಮಾತು. ಕಣ್ಣು ಒದ್ದೆಯಾಗುವುದು ನಿಜ. ಆದರೆ ಯಾಕೆ ಎಂಬುದಕ್ಕೆ ಆ ಎರಡು ನಿಮಿಷದೊಳಗೇ ಉತ್ತರ ಹುಡುಕಿದರೆ ಸಿಗುವುದು ಅರ್ಧ ಉತ್ತರ. ಉಳಿದರ್ಧ ಅದಕ್ಕೂ ಮುಂಚಿನ ನಲವತ್ತು ಐವತ್ತು ನಿಮಿಷಗಳಲ್ಲಿ ಇರುತ್ತದೆ. ದೃಶ್ಯವೊಂದು ಮನಸ್ಸಿನಲ್ಲಿ ನಿಲ್ಲುವುದು ನಮ್ಮ ಕೈಗೆ ಮೊದಲೇ ಕೊಟ್ಟಿಟ್ಟ ಸಂಗತಿಗಳ ಬಲದ ಮೇಲೆ. ಇದನ್ನು ಉದಾಹರಣೆ ಸಮೇತ ಹೇಳಲು ಈ ಪತ್ರ.

ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ (1955) ಚಿತ್ರದಲ್ಲಿ ಅಪ್ಪ ಹರಿಹರ ಮನೆಗೆ ಮರಳುವ ದೃಶ್ಯವನ್ನೇ ತೆಗೆದುಕೊಳ್ಳಿ. ದುಡಿಯಲು ಹೋಗಿದ್ದವನು ಎಷ್ಟೋ ದಿನಗಳ ಮೇಲೆ ಬಂದಿದ್ದಾನೆ. ಬಿರುಗಾಳಿಗೆ ಮನೆ ಮುರಿದುಬಿದ್ದಿದೆ. ಮಗಳು ದುರ್ಗಾ ಸತ್ತಿದ್ದಾಳೆ. ಅದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಹೆಂಡತಿ ಬಾಯಿ ಬಿಡುವುದಿಲ್ಲ, ನೀರು ತಂದಿಡುತ್ತಾಳೆ. ಅವನು ಉತ್ಸಾಹದಿಂದ ಗಂಟು ಬಿಚ್ಚಿ ತಂದದ್ದನ್ನು ಒಂದೊಂದೇ ತೋರಿಸುತ್ತಾನೆ. ಲಟ್ಟಣಿಗೆ ಮಣೆ ಬರುತ್ತದೆ, ಲಕ್ಷ್ಮಿಯ ಪಟ ಬರುತ್ತದೆ, ಕೊನೆಗೆ ಮಗಳಿಗೆಂದು ತಂದ ಸೀರೆ. ಅದನ್ನು ಕೈಗೆತ್ತಿಕೊಂಡ ತಾಯಿ ಬಾಯಿಗೆ ಒತ್ತಿಕೊಂಡು ಕುಸಿಯುತ್ತಾಳೆ. ಅವಳ ಬಾಯಿ ತೆರೆಯುತ್ತದೆ, ಆದರೆ ನಮಗೆ ಅವಳ ದನಿ ಕೇಳಿಸುವುದಿಲ್ಲ. ಅಳುವಿನ ಜಾಗದಲ್ಲಿ ತಾರ್ ಶೆಹನಾಯಿ ಎಂಬ ಕಮಾನಿನಿಂದ ನುಡಿಸುವ ತಂತಿವಾದ್ಯದ ಮೇಲುಸ್ಥಾಯಿಯ ನಾದ ಬರುತ್ತದೆ.

ಈ ದೃಶ್ಯ ಕೆಲಸ ಮಾಡುವ ಬಗೆ ನೋಡಿ. ಮೊದಲನೆಯದು ಅರಿವಿನ ಅಂತರ. ನಮಗೆ ಗೊತ್ತಿರುವುದು ಪಾತ್ರಕ್ಕೆ ಗೊತ್ತಿಲ್ಲವಾದ್ದರಿಂದ ಅವನು ತೆಗೆಯುವ ಪ್ರತಿ ವಸ್ತುವೂ ನಮಗೆ ಭಾರವಾಗುತ್ತ ಹೋಗುತ್ತದೆ. ಎರಡನೆಯದು ವಸ್ತುಗಳ ಕ್ರಮ. ಸೀರೆಯೇ ಮೊದಲು ಬಂದಿದ್ದರೆ ಆಘಾತ ಆಗುತ್ತಿತ್ತು, ಅಲ್ಲಿಗೇ ಮುಗಿಯುತ್ತಿತ್ತು. ಎರಡು ಸಾಮಾನ್ಯ ವಸ್ತುಗಳು ದಾಟಿದ ಮೇಲೆ ಅದು ಬರುವುದರಿಂದ, ‘ಮುಂದಿನದು ಮಗಳದ್ದೇ ಇರಬೇಕು’ ಎಂದು ನಾವೇ ಊಹಿಸಿ ಹೆದರಲು ಹೊತ್ತು ಸಿಗುತ್ತದೆ. ಮೂರನೆಯದು ಶಬ್ದದ ಜಾಗ ಬದಲಿಸಿದ್ದು. ನಟಿಯ ಅಳು ಎಷ್ಟೇ ಚೆನ್ನಾಗಿದ್ದರೂ ಅದು ಆ ಒಬ್ಬ ತಾಯಿಯ ಅಳು. ಅದನ್ನು ತೆಗೆದು ವಾದ್ಯ ಇಟ್ಟಾಗ ಕಿವಿಗೆ ಒಂದು ಖಾಲಿ ಬಿಡುತ್ತದೆ, ಆ ಖಾಲಿಯನ್ನು ನೋಡುವವರು ತಾವೇ ತುಂಬಿಕೊಳ್ಳುತ್ತಾರೆ. ನಾವು ತುಂಬಿದ್ದನ್ನು ನಾವು ಸುಲಭಕ್ಕೆ ಮರೆಯುವುದಿಲ್ಲ.

ಅದೇ ಚಿತ್ರದ ಇನ್ನೊಂದು ಚಿಕ್ಕ ದೃಶ್ಯ ಇದಕ್ಕಿಂತಲೂ ಒಳ್ಳೆಯ ಪಾಠ. ಚಿತ್ರದ ಮೊದಲ ಭಾಗದಲ್ಲಿ ನೆರೆಮನೆಯವರು ದುರ್ಗಾ ಮಣಿಸರ ಕದ್ದಳೆಂದು ದೂರುತ್ತಾರೆ. ಅವಳು ಇಲ್ಲ ಎನ್ನುತ್ತಾಳೆ, ತಾಯಿ ಹೊಡೆಯುತ್ತಾಳೆ. ಆಮೇಲೆ ಆ ಸರದ ಸುದ್ದಿಯೇ ಇಲ್ಲ. ಕೊನೆಯಲ್ಲಿ ಊರು ಬಿಡಲು ಸಾಮಾನು ಕಟ್ಟುವಾಗ ತಮ್ಮ ಅಪು ಅಟ್ಟಣಿಗೆಯ ಮೇಲಿದ್ದ ತೆಂಗಿನ ಚಿಪ್ಪು ತೆಗೆಯುತ್ತಾನೆ. ಒಳಗೆ ಜೇಡ, ಮತ್ತು ಆ ಸರ. ಓಡಿಹೋಗಿ ಕೆರೆಗೆ ಎಸೆಯುತ್ತಾನೆ. ಪಾಚಿ ಸರಿದು ಒಂದು ಬಾಯಿ ತೆರೆಯುತ್ತದೆ, ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಒಂದೇ ಒಂದು ಮಾತಿಲ್ಲ. ಅಕ್ಕ ಕದ್ದಿದ್ದಳು, ಸುಳ್ಳು ಹೇಳಿದ್ದಳು, ತಮ್ಮ ಅದನ್ನು ಯಾರಿಗೂ ಹೇಳುವುದಿಲ್ಲ — ಇಷ್ಟೂ ನಮಗೆ ತಿಳಿಯುವುದು ಮೊದಲ ಭಾಗದ ಆ ಹೊಡೆತ ನೆನಪಿರುವುದರಿಂದ. ಈ ತುಣುಕನ್ನಷ್ಟೇ ಕತ್ತರಿಸಿ ಯಾರಿಗಾದರೂ ತೋರಿಸಿ: ಒಬ್ಬ ಹುಡುಗ ಕೆರೆಗೆ ಏನೋ ಎಸೆದ, ಅಷ್ಟೇ.

ಮುಂದೆ ಬೇಕಾಗುವುದನ್ನು ಹೀಗೆ ಮೊದಲೇ ತೋರಿಸಿಡುವುದಕ್ಕೆ ಚಿತ್ರಕಥೆ ಬರೆಯುವವರ ಮೇಜಿನಲ್ಲಿ ‘ಲೀಡ್ ಕೊಡುವುದು’ ಎನ್ನುತ್ತಾರೆ. ಲೀಡ್ ಕೊಡುವುದರಲ್ಲಿ ಆಗುವ ತಪ್ಪುಗಳು ಹೆಚ್ಚಾಗಿ ಎರಡು. ವಸ್ತುವನ್ನು ಮೊದಲು ತೋರಿಸುವಾಗಲೇ ಕ್ಯಾಮೆರಾ ಅದರ ಮೇಲೆ ಜೂಮ್ ಆಗಿ ನಿಂತರೆ ಪ್ರೇಕ್ಷಕ ಎಚ್ಚೆತ್ತುಕೊಂಡು ಮುಂದಿನದನ್ನು ಲೆಕ್ಕ ಹಾಕಿಬಿಡುತ್ತಾನೆ. ಮೊದಲ ಸಲ ಅದು ಬೇರೆಯೇ ಕಾರಣಕ್ಕೆ, ಜಗಳಕ್ಕೋ ತಮಾಷೆಗೋ, ಬಂದಿರಬೇಕು. ಇನ್ನೊಂದು ತಪ್ಪು, ಕೊನೆಯಲ್ಲಿ ಆ ವಸ್ತು ಮತ್ತೆ ಬಂದಾಗ ಹಳೆಯ ದೃಶ್ಯವನ್ನು ಫ್ಲ್ಯಾಶ್‌ಬ್ಯಾಕ್‌ನಲ್ಲಿ ಮತ್ತೊಮ್ಮೆ ತೋರಿಸುವುದು. ಪ್ರೇಕ್ಷಕನಿಗೆ ಮರೆತಿದ್ದರೆ ಎಂಬ ಭಯದಿಂದ ಹಾಕುವ ಆ ನಾಲ್ಕು ಸೆಕೆಂಡ್, ಅವನು ತಾನೇ ನೆನಪಿಸಿಕೊಳ್ಳುವ ಸುಖವನ್ನು ಕಿತ್ತುಕೊಳ್ಳುತ್ತದೆ. ಕೆಲಸ ಮಾಡದ ದೃಶ್ಯಗಳಲ್ಲಿ ಅರ್ಧಕ್ಕರ್ಧ ಈ ಭಯದಿಂದಲೇ ಕೆಟ್ಟಿರುತ್ತವೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನು ಶಬ್ದದ ವಿಷಯ. ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳಬೇಕು.

‘ದಿ ಗಾಡ್‌ಫಾದರ್’ (1972) ಚಿತ್ರದ ರೆಸ್ಟೋರೆಂಟ್ ದೃಶ್ಯ ಜಗತ್ತಿನಾದ್ಯಂತ ಮೆಚ್ಚಿನ ಪಟ್ಟಿಗಳಲ್ಲಿರುತ್ತದೆ. ಅಪ್ಪನ ಶತ್ರುವನ್ನು ಕೊಲ್ಲಲು ಮಗ ಮೈಕಲ್ ಅವನೆದುರು ಊಟಕ್ಕೆ ಕೂತ ದೃಶ್ಯ ಅದು. ಎಲ್ಲರೂ ಗುಂಡೇಟನ್ನು ನೆನೆಯುತ್ತಾರೆ. ಕಣ್ಣು ಮುಚ್ಚಿ ಆ ದೃಶ್ಯ ಕೇಳಿ. ಕಡೆಯ ಕ್ಷಣದ ತನಕ ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ಎದುರಿಗಿರುವವನು ಇಟಾಲಿಯನ್‌ನಲ್ಲಿ ಮಾತಾಡುತ್ತಾನೆ, ಉಪಶೀರ್ಷಿಕೆ ಕೊಟ್ಟಿಲ್ಲ. ಹಾಗಾಗಿ ಭಾಷೆ ಬಾರದವರ ಗಮನ ಮಾತಿನಿಂದ ಜಾರಿ ಮೈಕಲ್‌ನ ಕಣ್ಣುಗಳ ಮೇಲೆ ಬೀಳುತ್ತದೆ. ಆಗ ಹೊರಗಿನಿಂದ ರೈಲಿನ ಕೀರಲು ಸದ್ದು ಏರುತ್ತ ಬರುತ್ತದೆ. ಕಾಣಿಸದ ರೈಲು, ತಿರುವಿನಲ್ಲಿ ಉಜ್ಜುವ ಚಕ್ರ. ಆ ಸದ್ದು ಅಷ್ಟು ಜೋರಾಗಿರಲು ವಾಸ್ತವದ ಕಾರಣವೇ ಇಲ್ಲ. ಅದು ಅವನ ತಲೆಯೊಳಗಿನ ಸದ್ದು. ಧ್ವನಿ ಸಂಯೋಜಕ ವಾಲ್ಟರ್ ಮರ್ಚ್ ಅವರ ಕೆಲಸ ಇದು. ಸಂಗೀತ ಶುರುವಾಗುವುದು ಗುಂಡು ಹಾರಿದಾಗ ಅಲ್ಲ, ಬಂದೂಕು ಕೈಯಿಂದ ನೆಲಕ್ಕೆ ಬಿದ್ದಾಗ. ಬಂದೂಕನ್ನು ಕೈಯಿಂದ ಜಾರಿಸಿ ಹೊರನಡೆಯಬೇಕು ಎಂದು ಅವನಿಗೆ ಹೇಳಿಕೊಟ್ಟದ್ದನ್ನು ನಾವು ಹಿಂದಿನ ದೃಶ್ಯದಲ್ಲೇ ನೋಡಿರುತ್ತೇವೆ. ಹಾಗಾಗಿ ಅವನು ಬಂದೂಕು ಹಿಡಿದೇ ನಿಂತ ಆ ಕ್ಷಣದಲ್ಲಿ ನಮ್ಮ ಬಾಯಿಯೇ ‘ಬಿಡು, ಬಿಡು’ ಎನ್ನುತ್ತದೆ. ಮತ್ತೆ ಅದೇ ಮಾತು: ಮೊದಲೇ ಕೊಟ್ಟಿಟ್ಟದ್ದು.

ಸಂಗೀತ ಬೇಗ ಬಂದರೆ ಏನಾಗುತ್ತದೆ? ರೀರೆಕಾರ್ಡಿಂಗ್ ಮಾಡುವವರಿಗೆ, ಅಂದರೆ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂಡಿಸುವವರಿಗೆ, ಇದು ದಿನನಿತ್ಯದ ಜಗಳ. ಪಾತ್ರದ ಮುಖದಲ್ಲಿ ಭಾವ ಕಾಣಿಸುವ ಮೊದಲೇ ಪಿಟೀಲು ಶುರುವಾದರೆ, ಏನು ಅನಿಸಬೇಕು ಎಂದು ಮೊದಲೇ ಹೇಳಿಬಿಟ್ಟಂತೆ. ಮುಖದ ಭಾವ ಆಮೇಲೆ ಬಂದಾಗ ಅದು ಬರೀ ಪುನರುಕ್ತಿ. ಸಂಗೀತವನ್ನು ಎರಡು ಸೆಕೆಂಡ್ ತಡ ಮಾಡಿ, ಅಂದರೆ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ 48 ಫ್ರೇಮ್. ಅದೇ ಮುಖ, ಅದೇ ರಾಗ, ಆದರೆ ಭಾವ ಮುಖದಿಂದ ಹುಟ್ಟಿ ಸಂಗೀತಕ್ಕೆ ಹರಿಯುತ್ತದೆ. ಮೌನಕ್ಕೂ ಶಬ್ದ ಬೇಕು ಎಂಬುದು ಇನ್ನೊಂದು ಸೂಕ್ಷ್ಮ. ಶಬ್ದದ ಟ್ರ್ಯಾಕ್ ಪೂರ್ತಿ ಖಾಲಿ ಬಿಟ್ಟರೆ ಸ್ಪೀಕರ್ ಕೆಟ್ಟಿತೇನೋ ಅನಿಸುತ್ತದೆ. ಅದಕ್ಕೇ ಚಿತ್ರೀಕರಣದ ಜಾಗದಲ್ಲಿ ಎಲ್ಲರನ್ನೂ ಸುಮ್ಮನಿರಿಸಿ ಅರ್ಧ ನಿಮಿಷ, ಒಂದು ನಿಮಿಷ ಆ ಕೋಣೆಯ ಬರಿ ಸದ್ದನ್ನು ದಾಖಲಿಸಿಕೊಳ್ಳುತ್ತಾರೆ. ಫ್ಯಾನಿನ ಗುಂಯ್‌ಗುಡುವಿಕೆ, ದೂರದ ರಸ್ತೆ, ಗೋಡೆಗಳ ನಡುವಿನ ಗಾಳಿ. ನಿಮ್ಮ ನೆನಪಿನಲ್ಲಿರುವ ‘ಪೂರ್ತಿ ನಿಶ್ಶಬ್ದ’ ದೃಶ್ಯವನ್ನು ಮತ್ತೆ ಹಾಕಿ ಕೇಳಿದರೆ ಬಹುಶಃ ಒಂದು ಗಡಿಯಾರವೋ ಹುಳುವೋ ಸಿಗುತ್ತದೆ.

ಮುಖದ ವಿಷಯಕ್ಕೆ ಬಂದರೆ, ‘ಎಂಥ ಅಭಿನಯ’ ಎಂದು ನಾವು ಮೆಚ್ಚುವುದರಲ್ಲಿ ಒಂದು ಪಾಲು ಸಂಕಲನಕಾರರಿಗೆ ಸೇರಬೇಕು. 1920ರ ಆಸುಪಾಸಿನಲ್ಲಿ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ಭಾವರಹಿತ ಮುಖದ ಒಂದೇ ಶಾಟನ್ನು (ನಡುವೆ ಕತ್ತರಿಸದ ತುಣುಕನ್ನು) ಬೇರೆ ಬೇರೆ ಚಿತ್ರಿಕೆಗಳ ಜತೆ ಜೋಡಿಸಿ ತೋರಿಸಿದ ಪ್ರಯೋಗ ಪ್ರಸಿದ್ಧ. ಸೂಪಿನ ತಟ್ಟೆಯ ಪಕ್ಕ ಇಟ್ಟಾಗ ಹಸಿವು ಕಂಡಿತು, ಶವಪೆಟ್ಟಿಗೆಯ ಪಕ್ಕ ಇಟ್ಟಾಗ ದುಃಖ ಕಂಡಿತು. ಮುಖ ಬದಲಾಗಿರಲಿಲ್ಲ. ಇದರಿಂದ ನಟರ ಕೆಲಸ ಸಣ್ಣದಾಗುವುದಿಲ್ಲ. ದೊಡ್ಡ ನಟರು ಇದನ್ನು ಬಲ್ಲವರೇ, ಎಲ್ಲಿ ಏನೂ ಮಾಡದೆ ಇರಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ದುಃಖದ ದೃಶ್ಯದಲ್ಲಿ ಗ್ಲಿಸರಿನ್ ಹಾಕಿದರೆ ನೀರು ಬರುತ್ತದೆ, ಆದರೆ ಉಸಿರು ಬದಲಾಗುವುದಿಲ್ಲ, ಗಂಟಲು ಏರಿಳಿಯುವುದಿಲ್ಲ, ಮೂಗಿನ ತುದಿ ಕೆಂಪಾಗುವುದಿಲ್ಲ. ಕಣ್ಣೀರನ್ನು ತಡೆಯಲು ಹೆಣಗುವ ಮುಖ ಸುರಿಸುವ ಮುಖಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ಹಾಗೆಯೇ, ಮಾತಾಡುವವರಿಗಿಂತ ಕೇಳಿಸಿಕೊಳ್ಳುವವರ ಮುಖ. ಸುದ್ದಿ ಹೇಳುವವನನ್ನು ಬಿಟ್ಟು ಸುದ್ದಿ ಕೇಳುವವಳ ಮೇಲೆ ಶಾಟ್ ನಿಲ್ಲಿಸಿ, ಮಾತು ಮುಗಿದ ಮೇಲೂ ಒಂದೂವರೆ ಸೆಕೆಂಡ್ ಬಿಟ್ಟು ಕತ್ತರಿಸಿದ ಕಡೆ ಪ್ರೇಕ್ಷಕರಿಗೆ ತಮ್ಮ ಭಾವನೆಗೆ ಜಾಗ ಸಿಗುತ್ತದೆ. ಮಾತು ಮುಗಿದ ಕೂಡಲೇ ಕತ್ತರಿಸಿದರೆ ಮಾಹಿತಿ ಮಾತ್ರ ದಾಟುತ್ತದೆ.

ನಿಧಾನಗತಿಯ (ಸ್ಲೋ ಮೋಷನ್) ಬಗ್ಗೆಯೂ ಒಂದು ಮಾತು, ಏಕೆಂದರೆ ಕನ್ನಡದ ಓದುಗರ ಮೆಚ್ಚಿನ ಪಟ್ಟಿಯಲ್ಲಿ ‘ನಾಗರಹಾವು’ (1972) ಚಿತ್ರಕ್ಕಾಗಿ ಪುಟ್ಟಣ್ಣ ಕಣಗಾಲ್ ನಿಧಾನಗತಿಯಲ್ಲಿ ಚಿತ್ರಿಸಿದ ಹಾಡು ಇರಲೇಬೇಕು. ಇಂಥ ಹಾಡು ತೆಗೆಯುವುದು ಕಂಡಷ್ಟು ಸುಲಭವಲ್ಲ. ಕ್ಯಾಮೆರಾವನ್ನು ಸೆಕೆಂಡಿಗೆ 48 ಫ್ರೇಮ್ ವೇಗದಲ್ಲಿ ಓಡಿಸಿ 24ರಲ್ಲಿ ತೋರಿಸಿದರೆ ಚಲನೆ ಅರ್ಧ ವೇಗಕ್ಕಿಳಿಯುತ್ತದೆ. ತುಟಿ ಚಲನೆಯೂ ಅರ್ಧಕ್ಕಿಳಿದರೆ ಹಾಡಿಗೆ ಹೊಂದುವುದಿಲ್ಲ. ಅದಕ್ಕೆ ಸೆಟ್‌ನಲ್ಲಿ ಹಾಡನ್ನು ಇಮ್ಮಡಿ ವೇಗದಲ್ಲಿ ಹಾಕಿ, ಕಲಾವಿದರು ಆ ಓಟಕ್ಕೆ ತುಟಿ ಕೂಡಿಸಬೇಕು, ಅದೂ ಮುಖದಲ್ಲಿ ಅವಸರ ಕಾಣದ ಹಾಗೆ. ಫ್ರೇಮ್ ಹೆಚ್ಚಾದಷ್ಟೂ ಪ್ರತಿ ಫ್ರೇಮಿಗೆ ಸಿಗುವ ಬೆಳಕು ಕಡಿಮೆ, ಹಾಗಾಗಿ 48ಕ್ಕೆ ಇಮ್ಮಡಿ ಬೆಳಕು ಬೇಕು. ಫಿಲ್ಮೂ ಇಮ್ಮಡಿ ಖರ್ಚು. ಅಷ್ಟು ಕಷ್ಟವಿದ್ದ ಕಾಲದಲ್ಲಿ ನಿಧಾನಗತಿ ಅಪರೂಪವಾಗಿತ್ತು, ಅಪರೂಪವಾದ್ದರಿಂದ ನೆನಪಿನಲ್ಲಿ ನಿಂತಿತು. ಈಗ ನಾಯಕ ಬಾಗಿಲು ತೆರೆದರೂ ನಿಧಾನ, ಕನ್ನಡಕ ತೆಗೆದರೂ ನಿಧಾನ. ಸುತ್ತಲಿನವುಗಳಿಗಿಂತ ಬೇರೆಯಾದದ್ದು ಮಾತ್ರ ಮನಸ್ಸಿಗೆ ಅಂಟುತ್ತದೆ. ಎಲ್ಲವೂ ಬೇರೆಯಾದರೆ ಯಾವುದೂ ಬೇರೆಯಲ್ಲ.

ಬರೆಯುವ ಮೊದಲು ದೃಶ್ಯವನ್ನು ಮತ್ತೊಮ್ಮೆ ನೋಡಲೇಬೇಕು ಎನ್ನುವುದಕ್ಕೆ ಕಾರಣವಿದೆ. ನೆನಪು ತಿದ್ದುತ್ತದೆ. 1974ರಲ್ಲಿ ಮನೋವಿಜ್ಞಾನದ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕೊಂದನ್ನು ತೋರಿಸಿದರು. ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದು 50 ಮಂದಿಗೆ, ‘ತಾಗಿದಾಗ’ ಎಷ್ಟಿತ್ತು ಎಂದು 50 ಮಂದಿಗೆ ಕೇಳಿದರು. ಉಳಿದವರಿಗೆ ಕೇಳಲೇ ಇಲ್ಲ. ವಾರದ ನಂತರ, ಒಡೆದ ಗಾಜು ಕಂಡಿತ್ತೇ ಎಂಬ ಪ್ರಶ್ನೆಗೆ ಮೊದಲ ಗುಂಪಿನ 16 ಮಂದಿ ಹೌದೆಂದರು, ಎರಡನೆಯದರ 7 ಮಂದಿ, ಮೂರನೆಯದರ 6 ಮಂದಿ. ತುಣುಕಿನಲ್ಲಿ ಗಾಜು ಒಡೆದೇ ಇರಲಿಲ್ಲ. ಒಂದು ಕ್ರಿಯಾಪದ ಗಾಜು ಒಡೆಯಬಲ್ಲದಾದರೆ, ವರ್ಷಗಟ್ಟಲೆ ಗೆಳೆಯರ ಜತೆ ಮಾತಾಡಿದ ದೃಶ್ಯಕ್ಕೆ ನಾವು ಏನೆಲ್ಲ ಸೇರಿಸಿರಬಹುದು! 1980ರ ‘ಸ್ಟಾರ್ ವಾರ್ಸ್’ ಸರಣಿಯ ಚಿತ್ರದಲ್ಲಿ ಖಳ ಡಾರ್ತ್ ವೇಡರ್ ನಾಯಕ ಲ್ಯೂಕ್‌ಗೆ ಹೇಳುವ ಅತಿ ಪ್ರಸಿದ್ಧ ಸಂಭಾಷಣೆಯನ್ನು ಜಗತ್ತು ‘ಲ್ಯೂಕ್, ನಾನೇ ನಿನ್ನ ಅಪ್ಪ’ ಎಂದು ಉಲ್ಲೇಖಿಸುತ್ತದೆ. ಚಿತ್ರದಲ್ಲಿರುವುದು ‘ಇಲ್ಲ, ನಾನೇ ನಿನ್ನ ಅಪ್ಪ’. ಆ ‘ಇಲ್ಲ’ ಮುಖ್ಯ, ಏಕೆಂದರೆ ಅದು ಲ್ಯೂಕ್‌ನ ಹಿಂದಿನ ಮಾತಿಗೆ, ಅಪ್ಪನನ್ನು ಕೊಂದವನು ನೀನೇ ಎಂಬುದಕ್ಕೆ, ಉತ್ತರ. ಹಿಂದಿನ ಮಾತು ಮರೆತದ್ದರಿಂದ ‘ಇಲ್ಲ’ ಬಿದ್ದುಹೋಗಿ ಹೆಸರು ಸೇರಿಕೊಂಡಿದೆ.

ಫೋನಿನಲ್ಲಿ ತುಣುಕು ನೋಡಿ ಬರೆಯುವವರಿಗೆ ಇನ್ನೂ ಎರಡು ಎಚ್ಚರಿಕೆ. ಎತ್ತರದ 2.35 ಪಟ್ಟು ಅಗಲವಿರುವ ಪರದೆಗೆ ತೆಗೆದ ಚಿತ್ರವನ್ನು, ನೆಟ್ಟಗೆ ಹಿಡಿದ 9:16ರ ಫೋನ್ ಪರದೆ ತುಂಬುವಂತೆ ಕತ್ತರಿಸಿದರೆ ಮೂಲ ಚಿತ್ರದ ಸುಮಾರು ಶೇ 24 ಮಾತ್ರ ಉಳಿಯುತ್ತದೆ. ಇಬ್ಬರು ಎರಡು ತುದಿಯಲ್ಲಿ ಕೂತು ನಡುವೆ ಖಾಲಿ ಬಿಟ್ಟ ಶಾಟ್ ಇದ್ದರೆ, ಆ ಖಾಲಿಯೇ ಅವರ ಜಗಳ. ಕತ್ತರಿಸಿದ ತುಣುಕಿನಲ್ಲಿ ಒಬ್ಬ ಒಂಟಿ ಮನುಷ್ಯ ಕಾಣುತ್ತಾನೆ. ಎರಡನೆಯದು, ಫೋನಿನ ಸ್ಪೀಕರ್ ತಗ್ಗು ಸ್ಥಾಯಿಯ ಸದ್ದನ್ನು ಹೊರಡಿಸುವುದೇ ಇಲ್ಲ ಎನ್ನಬಹುದು. ಎದೆಯಲ್ಲಿ ನಡುಕ ಹುಟ್ಟಿಸಲೆಂದು ಇಟ್ಟ ಸದ್ದು ಅಲ್ಲಿ ಬರೀ ಟಕ್‌ಟಕ್. ಹೆಡ್‌ಫೋನ್ ಹಾಕಿಕೊಂಡರೆ ಅರ್ಧ ಪರಿಹಾರ. ಟಿವಿಯಲ್ಲಿ ನೋಡುವವರಿಗೆ ಜಾಹೀರಾತಿನ ತೊಂದರೆ: ಘಟನೆಯೊಂದು ಮುಗಿಯುವ ಗಡಿಯಲ್ಲಿ ವಿರಾಮ ಬಂದರೆ ಕಥೆಯ ನೆನಪಿಗೆ ಧಕ್ಕೆಯಿಲ್ಲ, ಘಟನೆಯ ನಡುವೆ ಬಂದರೆ ನೆನಪು ಕೆಡುತ್ತದೆ ಎಂದು ಮನೋವಿಜ್ಞಾನಿ ಮಾರಿಲಿನ್ ಬೋಲ್ಟ್ಸ್ 1992ರಲ್ಲೇ ತೋರಿಸಿದ್ದಾರೆ.

ಹಾಗಾದರೆ ನೋಡುವುದು ಹೇಗೆ? ಮೊದಲು ನೆನಪಿನಿಂದಲೇ ದೃಶ್ಯವನ್ನು ಹತ್ತು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಇಡೀ ಚಿತ್ರ ನೋಡಿ, ದೃಶ್ಯ ಎಷ್ಟನೇ ನಿಮಿಷಕ್ಕೆ ಶುರುವಾಗುತ್ತದೆ ಎಂದು ಗುರುತಿಸಿ. ಅದೇ ಭಾಗವನ್ನು ಒಮ್ಮೆ ಶಬ್ದವಿಲ್ಲದೆ ನೋಡಿ, ಕಟ್ ಆದಾಗಲೆಲ್ಲ ಹಾಳೆಯ ಮೇಲೆ ಒಂದು ಗೀಟು ಹಾಕಿ. ಯಾವ ಶಾಟ್ ಎಲ್ಲಕ್ಕಿಂತ ದೀರ್ಘ ಎಂಬುದು ಕೈಗೇ ಗೊತ್ತಾಗುತ್ತದೆ, ದೃಶ್ಯದ ಗುಂಡಿಗೆ ಹೆಚ್ಚಾಗಿ ಅಲ್ಲಿರುತ್ತದೆ. ಇನ್ನೊಮ್ಮೆ ಚಿತ್ರ ನೋಡದೆ ಬರೀ ಕೇಳಿ, ಸಂಗೀತ ಎಲ್ಲಿ ಬಂತು, ಎಲ್ಲಿ ನಿಂತಿತು ಎಂದು ಗುರುತು ಹಾಕಿ. ಕೊನೆಗೆ ಹಿಂದಕ್ಕೆ ಹೋಗಿ: ಈ ದೃಶ್ಯದಲ್ಲಿ ಬರುವ ವಸ್ತು, ಜಾಗ, ಮಾತು ಇದಕ್ಕೆ ಮುಂಚೆ ಎಲ್ಲೆಲ್ಲಿ ಬಂದಿದ್ದವು? ನೆನಪಿನ ಹತ್ತು ಸಾಲಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ತಪ್ಪಾಗಿ ನೆನಪಿದ್ದದ್ದೂ ಬರೆಯಲು ಯೋಗ್ಯವಾದ ವಿಷಯವೇ ಆಗುತ್ತದೆ. ಎರಡು ನಿಮಿಷದ ದೃಶ್ಯಕ್ಕೆ ಇಡೀ ಒಂದು ಸಂಜೆ ಬೇಕು. ಪ್ರೀತಿಯ ದೃಶ್ಯಕ್ಕೆ ಅಷ್ಟು ಕೊಡಬಹುದು.

ತಮ್ಮಲ್ಲಿ ನಮ್ಮ ಬೇಡಿಕೆ ಇಷ್ಟು. ಮೆಚ್ಚಿನ ದೃಶ್ಯದ ಬರಹಗಳನ್ನು ಆಹ್ವಾನಿಸುವಾಗ ಮೂರು ವಿವರ ಕಡ್ಡಾಯ ಮಾಡಿ: ದೃಶ್ಯ ಚಿತ್ರದ ಎಷ್ಟನೇ ನಿಮಿಷದಲ್ಲಿ ಬರುತ್ತದೆ, ಅದಕ್ಕೆ ಮುಂಚಿನ ಯಾವ ಸಂಗತಿಯಿಂದ ಅದಕ್ಕೆ ಬಲ ಬಂತು, ಸಂಕಲನ ಮತ್ತು ಶಬ್ದ ಯಾರದ್ದು. ಕೊನೆಯ ವಿವರ ಚಿತ್ರದ ಶೀರ್ಷಿಕೆ ಪಟ್ಟಿಯಲ್ಲೇ ಸಿಗುತ್ತದೆ; ಪಟ್ಟಿ ಓಡುವಾಗ ಒಂದು ಸಲ ತಡೆದು ನಿಲ್ಲಿಸಿದರೆ ಸಾಕು. ನಟರ ಫೋಟೋದ ಕೆಳಗೆ ಆ ಎರಡು ಹೆಸರುಗಳಿಗೆ ಒಂದು ಸಾಲು ಜಾಗ ಕೊಡಿ.

ಇತಿ,
ಸಂಕಲನ ಮತ್ತು ಶಬ್ದ ವಿಭಾಗದಲ್ಲಿ ದುಡಿಯುವ ಕೆಲವು ಓದುಗರು